ಬಾಣಂತಿ ಕೋಣೆಯ ಹೊಗೆಗೂಡು

ಮಸ್ಕಿಯಲ್ಲಿ ನಾವು ವಾಸವಾಗಿದ್ದ ಓಣಿಯ ಮನೆಗಳಿಗೆ ಗೋಡೆಗಳು ಬೇರೆಬೇರೆಯಾಗಿದ್ದರೂ ಮಾಳಿಗೆ ಒಂದೇ ಎನ್ನುವಂತಿತ್ತು. ಒಂದು ಮನೆಯ ನಿಚ್ಚಣಿಕೆ ಹತ್ತಿದವರು ಓಣಿಯ ಕೊನೆಯ ಮನೆಯವರೆಗೂ ನೆಲ ಮುಟ್ಟದೆ ನಡೆದುಹೋಗಬಹುದಿತ್ತು. ಹೆಂಗಸರು ಅಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದರು, ಸಂಡಿಗೆ ಇಡುತ್ತಿದ್ದರು, ಕೆಳಗೆ ಅತ್ತೆಯರ ಎದುರಿಗೆ ಆಡಲಾಗದ ಮಾತುಗಳನ್ನು ಆಡಿಕೊಳ್ಳುತ್ತಿದ್ದರು. ಪ್ರತಿ ಮಾಳಿಗೆಯಲ್ಲಿಯೂ ಒಳಗಿನ ಕತ್ತಲೆಗೆಂದು ಬಿಟ್ಟ ಒಂದೆರಡು ಬೆಳಕಿಂಡಿಗಳಿರುತ್ತಿದ್ದವು. ಮಳೆಯ ಮೋಡ ಕವಿದಾಗ ಯಾರು ಮೊದಲು ಮೇಲಿರುತ್ತಾರೋ ಅವರು ತಮ್ಮ ಕಿಂಡಿಯ ಮೇಲೆ ಒಂದು ಒಡಕು ಗಡಿಗೆಯನ್ನು ಬೋರಲು ಹಾಕಿ, ಹಾಗೆಯೇ ಮುಂದೆ ನಡೆದು ಓಣಿಯ ಎಲ್ಲ ಕಿಂಡಿಗಳನ್ನೂ ಮುಚ್ಚಿಬರುವುದು ರೂಢಿ. ಅದಕ್ಕೆ ಯಾರೂ ಅಪ್ಪಣೆ ಕೇಳುತ್ತಿರಲಿಲ್ಲ. ಮುಚ್ಚಿದ್ದೇವೆಂದು ಹೇಳಲೂ ಬರುತ್ತಿರಲಿಲ್ಲ. ಮುಂದೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸಹಕಾರವೆಂಬ ವಿಷಯ ಬಂದಾಗಲೆಲ್ಲ ನಾನು ಈ ಗಡಿಗೆಗಳ ಉದಾಹರಣೆ ಕೊಟ್ಟು ಚಪ್ಪಾಳೆ ಪಡೆದಿದ್ದೇನೆ. ಆದರೆ ಆ ಉದಾಹರಣೆ ಹೇಳುವಾಗ ಪ್ರತಿ ಸಲವೂ ನನ್ನ ಅಂಗೈ ಬೆವರುತ್ತಿತ್ತು. ಅದರ ಕಾರಣವನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಅಡಿಗೆಯ ಕೋಣೆ ಮನೆಯ ಹಿಂಭಾಗದಲ್ಲಿತ್ತು. ಕಿಟಕಿ ಇರಲಿಲ್ಲ, ಒಂದು ಬಾಗಿಲು, ಮೇಲೆ ಒಂದು ಬೆಳಕಿಂಡಿ, ಅಷ್ಟೆ. ಒಲೆಗೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ. ಅವು ತೀರಿದಾಗ ಸಗಣಿಯ ಕುಳ್ಳು. ಜಂತಿಗಳಿಂದ ಇಲ್ಲಣ, ಹೊಗೆಯ ಕರಿಯ ಮಸಿ, ಜೋತುಬಿದ್ದಿರುತ್ತಿತ್ತು. ಅವ್ವ ರೊಟ್ಟಿ ಬಡಿಯುವಾಗ ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಹೊಗೆಯ ಒಳಗಿನಿಂದ ಕೈಯ ಸಪ್ಪಳ ಮಾತ್ರ ಬರುತ್ತಿತ್ತು. ನಡುವೆ ಸಪ್ಪಳ ನಿಂತರೆ ಅವಳು ಕಣ್ಣೊರೆಸಿಕೊಳ್ಳುತ್ತಿದ್ದಾಳೆಂದು ನಾನು ತಿಳಿಯಬೇಕಿತ್ತು. ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಕೋಣೆ ಅದೇ ಆದುದರಿಂದ ಬಾಣಂತಿ ಮಲಗುವ ಹೊರಸನ್ನೂ ಅಲ್ಲಿಯೇ ಹಾಕುತ್ತಿದ್ದರು. ಅವ್ವನ ತವರು ಸಿಂಧನೂರು; ಅಲ್ಲಿ ಅವಳನ್ನು ನೋಡಿಕೊಳ್ಳಬೇಕಿದ್ದ ಅವಳ ತಾಯಿ ತೀರಿಹೋಗಿದ್ದಳು. ಹೀಗಾಗಿ ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಆ ಕೋಣೆಯಲ್ಲಿಯೇ ಹುಟ್ಟಿ, ಹೆಸರಿಡುವ ಮೊದಲೇ ಆ ಕೋಣೆಯಲ್ಲಿಯೇ ಹೋದ. ಕೆಮ್ಮಿ ಕೆಮ್ಮಿ ಅವನ ತುಟಿ ನೀಲಿಯಾದುದನ್ನು ನಾನು ಕಂಬಳಿಯ ಮರೆಯಿಂದ ಕಂಡಿದ್ದೆ. ದೊಡ್ಡವರು ಅದನ್ನು ಬಾಲಗ್ರಹವೆಂದರು. ಅಂದಿನಿಂದ ಆ ಕೋಣೆಯ ಮೂಲೆಗಳಲ್ಲಿ ಏನೋ ಕುಳಿತು ಕೂಸುಗಳ ಉಸಿರು ಎಳೆದುಕೊಳ್ಳುತ್ತದೆಂಬ ಭಯ ನನ್ನೊಳಗೆ ನೆಲೆಸಿತು. ಅವ್ವ ಮತ್ತೆ ಬಸುರಾದಾಗ ಮನೆಯವರೆಲ್ಲ ಹಿಗ್ಗಿದರು. ನಾನು ಅವಳ ಹೊಟ್ಟೆಯನ್ನು ನೋಡಲು ಹೆದರುತ್ತಿದ್ದೆ.

ಅಪ್ಪ ಲಿಂಗಸುಗೂರಿನ ಕಚೇರಿಯೊಂದರಲ್ಲಿ ಉರ್ದು ಕಾಗದಗಳನ್ನು ನಕಲು ಮಾಡುವ ಗುಮಾಸ್ತ. ಗುರುವಾರ ಸಂಜೆ ಮಸ್ಕಿಗೆ ಬಂದು, ಕಚೇರಿಗೆ ವಾರದ ರಜೆಯಾದ ಶುಕ್ರವಾರ ಕಳೆದು ತಿರುಗಿ ಹೋಗುತ್ತಿದ್ದ. ಲಿಂಗಸುಗೂರಿನ ಛಾವಣಿಯಲ್ಲಿ, ಅಂದರೆ ದಂಡಿನ ಬೀಡಿನಲ್ಲಿ, ಹಿಂದೆ ಬಿಳಿಯ ದೊರೆಗಳ ಪಲ್ಟನ್ನು ಇತ್ತು. ಅವರು ಬಿಟ್ಟುಹೋದ ಬಂಗಲೆಗಳ ಒಳಗೆ ಬೆಂಕಿ ಉರಿಸುವ ಗೂಡುಗಳೂ, ಮೇಲೆ ಹೊಗೆ ಹೋಗುವ ಕೊಳವೆಗಳೂ ಇದ್ದವು. ಸತ್ತ ಕೂಸಿನ ಬಗ್ಗೆ ಅಪ್ಪ ಒಂದು ಮಾತನ್ನೂ ಆಡಿರಲಿಲ್ಲ. ಆದರೆ ಆ ಬಂಗಲೆಗಳ ಮುಂದೆ ನಿಂತು ನಿಂತು ನೋಡಿದ್ದನೆಂದು ಆಮೇಲೆ ತಿಳಿಯಿತು. ಒಂದು ಶುಕ್ರವಾರ ಊಟಕ್ಕೆ ಕುಳಿತಾಗ, ಒಲೆಗೆ ಹೊಗೆಗೂಡು ಕಟ್ಟುತ್ತೇನೆಂದು ಹೇಳಿಬಿಟ್ಟ. ಬಡಿಸುತ್ತಿದ್ದ ಆಯಿಯ ಕೈ, ಅಂದರೆ ಅಪ್ಪನ ತಾಯಿಯ ಕೈ, ಅಲ್ಲಿಯೇ ನಿಂತಿತು.

“ಮಾಳಿಗಿಗೆ ತೂತು ಹಾಕ್ತಾನಂತ! ಇದು ಹಿರೇರು ಕಟ್ಟಿದ ಮನಿ, ನಿನ್ನ ಕಚೇರಿ ಅಲ್ಲ.”

“ಹೊಗಿ ಹೊರಗ ಹೋಗಬೇಕಲ್ಲಬೇ. ಒಳಗಽ ಇದ್ರ ಮಂದಿ ಹೆಂಗ ಬದುಕಬೇಕು?”

“ನಾ ಬದುಕಿಲ್ಲೇನು? ಇದಽ ಹೊಗಿಯಾಗ ನಿನ್ನ ಹಡದೀನಿ. ನೀ ಸತ್ತೀಯೇನು? ಹೊಗಿ ಇದ್ರಽ ಜಂತಿಗೆ ಹುಳ ಹತ್ತೂದಿಲ್ಲ, ಬೀಜದ ತೆನಿಗೆ ನುಸಿ ಹತ್ತೂದಿಲ್ಲ. ಹೊಗಿನೆಲ್ಲಾ ಮುಗಿಲಿಗೆ ಕಳಿಸಿಬಿಡು, ಒಂದಿನ ಮಾಳಿಗಿ ಬಂದು ತಲಿ ಮ್ಯಾಲ ಕುಂದರತೈತಿ.”

“ಮಾಳಿಗಿ ಬಿದ್ರ ಮತ್ತ ಕಟ್ಟತೀನಬೇ. ಹೋದ ಕೂಸನ್ನ ಕಟ್ಟಾಕ ಬರತೈತೇನು?”

ಆಯಿ ಬಡಿಸುವುದನ್ನು ಮುಗಿಸಿದಳು. ಕೈ ತೊಳೆದು ಬಂದು, ಗೋಡೆಗೆ ಒರಗಿ, ನ್ಯಾಯ ಹೇಳುವವಳಂತೆ ಷರತ್ತು ಹಾಕಿದಳು.

“ಆತು, ಕಟ್ಟು. ಆದ್ರ ಬಾಣಂತಿ ಹೊರಸು ಹಾಕಿದ ದಿನ ಬೆಳಕಿಂಡಿ ಮುಚ್ಚಬೇಕು. ಎರಡೆರಡು ತೂತಿನಾಗ ಗಾಳಿ ಆಡಿದ್ರ ಸೊಸಿಗೆ ಸನ್ನಿ ಬರತೈತಿ. ಅದಕ್ಕ ನೀ ಜವಾಬ್ದಾರ ಆಗ್ತೀಯೇನು?”

ಅಪ್ಪ ಒಪ್ಪಿದ. ಉಭಯ ಪಕ್ಷಗಳೂ ಅರ್ಧರ್ಧ ಗೆದ್ದಂತಾಯಿತು. ಆಯಿಯ ವಾದದಲ್ಲಿ ಹುರುಳಿರಲಿಲ್ಲವೆಂದು ನಾನು ಇಂದಿಗೂ ಹೇಳಲಾರೆ. ಹೊಗೆ ಹುಳವನ್ನು ದೂರವಿಡುವುದು ನಿಜ, ಬಾಣಂತಿಗೆ ಥಂಡಿ ಒಳ್ಳೆಯದಲ್ಲವೆಂಬುದೂ ನಿಜ. ಆದರೆ ಆ ಒಪ್ಪಂದದಿಂದಾಗಿ ಒಂದು ಇಡೀ ಕೋಣೆಯ ಉಸಿರಾಟ ಒಂದೇ ಕೊಳವೆಯ ಮೇಲೆ ನಿಂತಿತೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಸಿಂಧನೂರಿನ ಕುಂಬಾರರಿಗೆ ಹೇಳಿ ಸುಟ್ಟ ಮಣ್ಣಿನ ಕೊಳವೆಗಳನ್ನು ಮಾಡಿಸಿ, ಬಂಡಿಯಲ್ಲಿ ಹುಲ್ಲು ಹಾಸಿ ತರಿಸಿದ್ದಾಯಿತು. ಶುಕ್ರವಾರ ಬಂದರೆ ಅಪ್ಪ ಮಣ್ಣು ಮೆತ್ತಿದ ಕೈಯಲ್ಲಿಯೇ ಇರುತ್ತಿದ್ದ. ನಾನು ಪಕ್ಕದಲ್ಲಿ ಕಂದೀಲು ಹಿಡಿದು ನಿಲ್ಲುತ್ತಿದ್ದೆ. ಒಲೆಯನ್ನು ಗೋಡೆಗೆ ಸೇರಿಸಿ ಕಟ್ಟಿ, ಹಿಂದೆ ಹೊಗೆಗೆ ದಾರಿ ಬಿಟ್ಟು, ಕೊಳವೆಯನ್ನು ಎಲ್ಲಿಯೂ ಬಾಗಿಸದೆ ನೆಟ್ಟಗೆ ಏರಿಸಿದ. ಮೇಲಿನ ಕೊಳವೆಯ ಸಣ್ಣ ತುದಿ ಕೆಳಗಿನದರ ಅಗಲ ಬಾಯೊಳಗೆ ಕೂರಬೇಕು, ಸಂದುಗಳಲ್ಲಿ ಎಲ್ಲಿಯೂ ಹೊಗೆ ನುಸುಳಬಾರದು ಎಂದು ಹೇಳಿ ಹೇಳಿ ಜೇಡಿಮಣ್ಣು ಮೆತ್ತಿದ. ಬುಡದಲ್ಲಿ ಇಲ್ಲಣ ತೆಗೆಯಲು ಒಂದು ಗೂಡು ಬಿಟ್ಟು ಅದಕ್ಕೆ ಕಲ್ಲು ಮುಚ್ಚಿದ. ಅವನು ನಿಜವಾಗಿ ಹೆದರಿದ್ದು ಮಾಳಿಗೆಗೆ. ನಮ್ಮ ಕಡೆಯ ಮಾಳಿಗೆಗಳಲ್ಲಿ ಜಂತಿಯ ಮೇಲೆ ಬಂದರಿಕೆ ಸೊಪ್ಪನ್ನು ದಪ್ಪನಾಗಿ ಹಾಸಿ, ಅದರ ಮೇಲೆ ಮಣ್ಣು ಹೇರಿರುತ್ತಾರೆ. ಅಗೆದಾಗ ಅಜ್ಜನ ಕಾಲದ ಆ ಸೊಪ್ಪು ಪುಡಿಪುಡಿಯಾಗಿ ಅಪ್ಪನ ತಲೆಯ ಮೇಲೆ ಸುರಿಯಿತು. ಅವನು ಒಂದು ಹಿಡಿ ತೆಗೆದುಕೊಂಡು ಕೆಂಡಕ್ಕೆ ಹಾಕಿದ. ಕಣ್ಣು ಮಿಟುಕಿಸುವುದರೊಳಗೆ ಅದು ಭುಗಿಲ್ಲೆಂದಿತು.

“ನೋಡಿದೇನು ಗಂಗೂ? ಇದು ಬಾರೂದ, ಬಂದೂಕಿನ ಮದ್ದು. ಕೊಳವಿ ಬಿಸಿ ಇದಕ್ಕ ತಾಗಿದ್ರ ಮಾಳಿಗಿ ಒಳಗಽ ಉರಿತೈತಿ, ಕೆಳಗ ಮಲಗಿದವರಿಗೆ ಮಾಲೂಮ ಆಗೂದಿಲ್ಲ.”

ಕೊಳವೆಯ ಸುತ್ತ ಒಂದು ಗೇಣಿನಷ್ಟು ಸೊಪ್ಪನ್ನೂ ಜಂತಿಯನ್ನೂ ಕಡಿದು ತೆಗೆದು, ಆ ಜಾಗದಲ್ಲಿ ಚಪ್ಪಟೆ ಕಲ್ಲುಗಳನ್ನು ಮಣ್ಣಿನಲ್ಲಿ ಕೂರಿಸಿದ. ಒಲೆ ಹಚ್ಚಿ, ಬಾಯಿಯ ಹತ್ತಿರ ಹೊಗೆಯಾಡುವ ಒಂದು ಹುಲ್ಲುಕಡ್ಡಿ ಹಿಡಿದಾಗ ಆ ಹೊಗೆ ಬಳುಕಿ ಒಳಗೆ ಹೋಯಿತು. ಅಪ್ಪ ನಕ್ಕ. ನಾನು ನಗಲಿಲ್ಲ, ಗಾಳಿ ಬೀಸಿದಾಗ ಕೊಳವೆ ಹೂಂಗುಟ್ಟುತ್ತಿತ್ತು, ಮೂಲೆಯಲ್ಲಿ ಇದ್ದದ್ದು ಈಗ ಅದರೊಳಗೆ ಸೇರಿಕೊಂಡಿದೆ ಎನಿಸುತ್ತಿತ್ತು. ಛಾವಣಿಯ ಬಂಗಲೆಗಳ ಹೊಗೆಗೂಡುಗಳ ಮೇಲೆ ನಾಲ್ಕು ಗಿಡ್ಡ ಕಾಲುಗಳ ಕಲ್ಲಿನ ಟೋಪಿ ಇರುತ್ತಿತ್ತಂತೆ. ಅಪ್ಪ ಅದನ್ನು ದೊರೆಗಳ ಷೋಕಿಯೆಂದು ತಿಳಿದ. ನಾಲ್ಕು ಹನಿ ಬಿದ್ದರೆ ಒಲೆ ಆರುವುದಿಲ್ಲವೆಂದು ಹೇಳಿ, ಕೊಳವೆಯ ತುದಿಯನ್ನು ಮುಗಿಲಿಗೆ ತೆರೆದೇ ಬಿಟ್ಟ.

ಮಳೆಗಾಲ ಹತ್ತಿರವಾದಾಗ ಅವ್ವ ಗಂಡುಕೂಸನ್ನು ಹೆತ್ತಳು. ಕಂಬಳಿಯ ಮರೆಯಲ್ಲಿ ಹೊರಸು ಹಾಕಿದರು, ಷರತ್ತಿನಂತೆ ಬೆಳಕಿಂಡಿಗೆ ಬಂಡೆ ಎಳೆದರು, ಬಾಗಿಲಿಗೆ ಅಗಳಿ ಬಿತ್ತು. ಆದರೂ ಕೋಣೆ ತಿಳಿಯಾಗಿತ್ತು. ಅವ್ವನ ಎಡಗೆನ್ನೆಯ ಮೇಲೆ ಎಳ್ಳುಕಾಳಿನಷ್ಟು ಮಚ್ಚೆ ಇರುವುದನ್ನು ನಾನು ಆ ಕೋಣೆಯೊಳಗೆ ಮೊದಲ ಬಾರಿ ಕಂಡೆ. ಕೂಸು ಕೆಮ್ಮಲಿಲ್ಲ. ಇದು ಸಂತೋಷದ ಕಾಲವಾಗಬೇಕಿತ್ತು. ಆಯಿಗೆ ಮಾತ್ರ ದಿನದಿನಕ್ಕೆ ಹೆದರಿಕೆ ಏರತೊಡಗಿತು. ಕಾರಣ, ಅವಳು ದೀಪ ಹಚ್ಚುವ ಹೊತ್ತಿಗೆ ತೆಗೆಯುತ್ತಿದ್ದ ದೃಷ್ಟಿ. ಉಪ್ಪು, ಮೆಣಸಿನಕಾಯಿ, ಕಸಬರಿಗೆಯ ಕಡ್ಡಿಗಳನ್ನು ಬಾಣಂತಿಗೂ ಕೂಸಿಗೂ ಇಳಿಸಿ ಒಲೆಗೆ ಹಾಕುತ್ತಾರೆ. ಘಾಟು ಎದ್ದು ಎಲ್ಲರೂ ಕೆಮ್ಮಿದರೆ ಕೆಟ್ಟ ಕಣ್ಣು ತಾಗಿಲ್ಲವೆಂದು ಅರ್ಥ. ಮೆಣಸಿನಕಾಯಿ ಸುಟ್ಟರೂ ಘಾಟು ಬಾರದಿದ್ದರೆ ದೃಷ್ಟಿ ಬಲವಾಗಿದೆಯೆಂದು ಅರ್ಥ. ಹೊಗೆಗೂಡು ಬಂದ ಮೇಲೆ ಘಾಟೆಲ್ಲ ಕೊಳವೆಯಲ್ಲಿ ಏರಿಹೋಗುತ್ತಿತ್ತು. ಆಯಿ ಮೆಣಸಿನಕಾಯಿ ಹೆಚ್ಚಿಸಿದಳು; ಆದರೂ ಯಾರ ಗಂಟಲೂ ಕೆರೆಯಲಿಲ್ಲ. ಒಲೆಯ ಮುಂದೆ ಮೂಗು ಹಿಗ್ಗಿಸಿ ಕುಳಿತ ಅವಳ ಮುಖ ಬಿಳಿಚಿಕೊಳ್ಳುತ್ತಿದ್ದುದನ್ನು ನಾನು ದಿನವೂ ನೋಡುತ್ತಿದ್ದೆ.

“ಎಂಥಾ ಹಾಳ ಕಣ್ಣು ಬಿದ್ದಾವವ್ವಾ ಈ ಮನಿ ಮ್ಯಾಲ! ಹಿಡಿ ಮೆಣಸಿನಕಾಯಿ ನುಂಗಿ ಕುಂತೈತಿ!”

ಅಪ್ಪ ಬಂದಾಗ, ಘಾಟು ಹೊರಗೆ ಹೋಗುತ್ತಿದೆಯೆಂದು ತಿಳಿಸಿ ಹೇಳಿದ. ಆಯಿ ಅವನನ್ನು ಕನಿಕರದಿಂದ ನೋಡಿದಳು.

“ಹೊಗಿ ಕೊಳವ್ಯಾಗ ಹೋತು, ಖರೇ. ದೃಷ್ಟಿ ಎಲ್ಲಿ ಹೋತು? ಅದನ್ನ ಹೇಳು.”

ನಾನು ಇಬ್ಬರನ್ನೂ ನಂಬಿದ್ದೆ. ಹಗಲಿನಲ್ಲಿ ಅಪ್ಪನ ಪಕ್ಷ. ದೀಪ ಹಚ್ಚಿದ ಮೇಲೆ ಆಯಿಯ ಪಕ್ಷ. ಎರಡು ಪಕ್ಷಗಳನ್ನೂ ಒಂದೇ ಮನಸ್ಸಿನಲ್ಲಿ ಹೊತ್ತು ನಿಲ್ಲುವುದನ್ನು ನನಗೆ ಕಲಿಸಿದ್ದು ಆ ದಿನಗಳ ಅಂಜಿಕೆ. ಕೂಸು ಮಲಗಿದಾಗ ಅದರ ಮೂಗಿನ ಕೆಳಗೆ ಬೆರಳಿಟ್ಟು ನೋಡುವುದು ನನಗೆ ಅಭ್ಯಾಸವಾಯಿತು.

ಮೊದಲ ದೊಡ್ಡ ಮೋಡ ಬಂದದ್ದು ಒಂದು ಮಧ್ಯಾಹ್ನ. ಅಪ್ಪ ಲಿಂಗಸುಗೂರಿನಲ್ಲಿದ್ದ. ಅವ್ವನ ಸ್ನಾನದ ನೀರಿಗೆಂದು ಒಲೆಯಲ್ಲಿ ಕುಳ್ಳಿನ ಕೆಂಡ ಮಾಡಿ, ಮೇಲೆ ಹಂಡೆ ಇಟ್ಟು, ಬಾಗಿಲು ಎಳೆದುಕೊಂಡು ಆಯಿಯೂ ನಾನೂ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದೆವು. ತಲೆಯ ಮೇಲೆ ಯಾರೋ ನಡೆದರು. ಜಂತಿಯ ಸಂದಿನಿಂದ ಸ್ವಲ್ಪ ಮಣ್ಣು ಉದುರಿತು. ಯಾರೋ ಕಿಂಡಿ ಮುಚ್ಚಲು ಹೊರಟಿದ್ದಾರೆಂದು ಆಯಿ ತಲೆಯನ್ನೂ ಎತ್ತಲಿಲ್ಲ. ಹೊತ್ತು ಮುಳುಗುವ ಮೊದಲೇ ಮನೆಯೊಳಗೆ ಮಬ್ಬು ತುಂಬಿತು. ಜೋಳದ ಕೆಲಸ ಮುಗಿದ ಮೇಲೆ, ಇಂಥ ಕತ್ತಲೆಯಲ್ಲಿ ತಡಮಾಡುವುದು ಬೇಡವೆಂದು ಆಯಿ ಅಂದು ದೃಷ್ಟಿಯನ್ನು ಬೇಗನೆ ತೆಗೆಯಲು ಎದ್ದಳು. ಇಬ್ಬರೂ ಒಳಹೊಕ್ಕು ಹಿಂದೆ ಅಗಳಿ ಹಾಕಿಕೊಂಡೆವು. ಕಣ್ಣಿಗೆ ಹೊಗೆ ಕಾಣಲಿಲ್ಲ. ಕೆಂಡ ಕೆಂಪಗೆ, ಸದ್ದಿಲ್ಲದೆ ಕುಳಿತಿತ್ತು. ಸ್ವಲ್ಪ ಹೊತ್ತಿಗೇ ನನ್ನ ತಲೆ ಭಾರವಾಯಿತು. ಆಯಿ ಹೊರಸಿನ ಸುತ್ತ ಕೈ ಇಳಿಸಿ ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದಳು.

ಘಾಟು ಎದ್ದಿತು. ಕೋಣೆಯ ತುಂಬ ಎದ್ದಿತು. ಆಯಿ ಸೀನಿದಳು, ಕೆಮ್ಮಿದಳು, ಕಣ್ಣಲ್ಲಿ ನೀರು ಸುರಿಸುತ್ತ ನಗತೊಡಗಿದಳು.

“ಬಂತು! ಘಾಟು ಬಂತಬೇ ಗಂಗೂ! ಹೋತು ನೋಡು ದೃಷ್ಟಿ! ನಮ್ಮಪ್ಪಾ, ಕೂಸಿನ್ನ ಉಳಿಸಿದೆಪ್ಪಾ!”

ಅವಳು ಒಲೆಗೆ ಕೈಮುಗಿದಳು. ನನಗೂ ಕೆಮ್ಮಿನ ನಡುವೆ ಸಂತೋಷವಾಯಿತು. ಆಮೇಲೆ ಹೊರಸಿನ ಕಡೆ ನೋಡಿದೆ. ಅವ್ವ ಕೆಮ್ಮಿರಲಿಲ್ಲ. ಕೂಸು ಕೆಮ್ಮಿರಲಿಲ್ಲ. ಮೆಣಸಿನಕಾಯಿಯ ಘಾಟಿಗೆ ಕೆಮ್ಮದ ಮನುಷ್ಯರನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಅವ್ವಾ,” ಎಂದೆ. ತೋಳು ಹಿಡಿದು ಅಲುಗಿಸಿದೆ. ಕೈ ಎತ್ತಿದರೆ ಎತ್ತಿದಷ್ಟೇ ಬಂದು, ಬಿಟ್ಟರೆ ಬಿದ್ದಿತು.

“ಮಲಗಲಿ ಬಿಡು. ದೃಷ್ಟಿ ಇಳಿದ ಮ್ಯಾಲ ನಿದ್ದಿ ಹತ್ತತೈತಿ,” ಎಂದಳು ಆಯಿ, ಇನ್ನೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

ಅಪ್ಪ ಹೇಳಿದ್ದೂ ಆಯಿ ಹೇಳಿದ್ದೂ ಆ ಕ್ಷಣದಲ್ಲಿ ನನ್ನ ತಲೆಯೊಳಗೆ ಢಿಕ್ಕಿ ಹೊಡೆದವು. ಘಾಟು ಇಲ್ಲಿದೆ. ಹಾಗಾದರೆ ಕಣ್ಣಿಗೆ ಕಾಣದ ಕೆಂಡದ ಹೊಗೆಯೂ ಇಲ್ಲಿಯೇ ಇದೆ. ಮುಂದೆ ನಾನು ಎಷ್ಟೋ ವೇದಿಕೆಗಳಲ್ಲಿ ವಾದಿಸಿದ್ದೇನೆ. ಇಷ್ಟು ಚಿಕ್ಕದೂ ಇಷ್ಟು ಭಯಂಕರವೂ ಆದ ತರ್ಕವನ್ನು ಮತ್ತೆಂದೂ ಹೂಡಿಲ್ಲ.

“ಆಯಿ, ಗೂಡು ಮುಚ್ಚೈತಿ! ಹೊಗಿ ಹೊರಗ ಹೋಗವಲ್ದು! ಬಾಗಲಾ ತೆಗಿ!”

“ಹುಚ್ಚಿ, ಮುಟ್ಟಬ್ಯಾಡ! ಮುಗಿಲು ಕಟ್ಟೈತಿ, ಬಾಣಂತಿಗೆ ಗಾಳಿ ಬಡಿತೈತಿ!” ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ನನಗಿಂತ ಅವಳೇ ಹೆಚ್ಚು ನಡುಗುತ್ತಿದ್ದಳು.

ನಾನು ಕೂಸನ್ನು ಎತ್ತಿಕೊಂಡು ಅವಳ ಮುಖದ ಮುಂದೆ ಹಿಡಿದೆ. ಅದರ ಕುತ್ತಿಗೆ ಒಂದು ಕಡೆಗೆ ಜೋತಿತು.

“ಕೂಸು ಕೆಮ್ಮವಲ್ದು ಆಯಿ! ನೋಡು, ಕೂಸು ಕೆಮ್ಮವಲ್ದು!”

ಆಯಿ ನೋಡಿದಳು. ಏನು ಕಂಡಳೋ, ತಾನೇ ತಿರುಗಿ ಅಗಳಿ ಕಿತ್ತಳು. ಕೂಸನ್ನು ಕಸಿದುಕೊಂಡು ಅಂಗಳಕ್ಕೆ ಓಡಿದಳು. “ಯಾರರ ಬರ್ರೆವ್ವೋ! ಸೊಸಿ ಒಳಗ ಬಿದ್ದಾಳ, ಜಲ್ದಿ ಬರ್ರಿ!” ಎಂಬ ಕೂಗಿಗೆ ಮೊದಲು ಬಂದವಳು ಪಕ್ಕದ ಮನೆಯ ಹುಲಿಗೆಮ್ಮ. ಇನ್ನೂ ಮಾಳಿಗೆಯ ಮೇಲಿದ್ದವಳು ನಿಚ್ಚಣಿಕೆಯಲ್ಲಿ ಜಾರಿದಂತೆ ಇಳಿದಳು. ಅವಳೂ ಹಿಂದೆ ಬಂದ ಹೆಂಗಸರೂ ಹೊರಸನ್ನೇ ಎತ್ತಿ ಅವ್ವನನ್ನು ಹೊರಗೆ ತಂದರು. ನಾನು ಅದೇ ನಿಚ್ಚಣಿಕೆಯನ್ನು ಹತ್ತಿದೆ. ಹೊಗೆಗೂಡಿನ ತುದಿಗೆ ಒಂದು ಗಡಿಗೆ ಅಳತೆ ಮಾಡಿ ಮಾಡಿಸಿದಂತೆ ಬೋರಲು ಕೂತಿತ್ತು. ಮುಟ್ಟಿದರೆ ಸುಟ್ಟಿತು; ಕಾಲಿನಿಂದ ಒದ್ದೆ. ಅದು ಉರುಳಿ ಒಡೆಯಿತು. ಒಳಗೆ ಕಟ್ಟಿಹಾಕಿದ್ದ ಏನೋ ಬಿಡುಗಡೆಯಾದಂತೆ ಹೊಗೆ ನನ್ನ ಮುಖಕ್ಕೆ ನುಗ್ಗಿತು.

ಮೇಲಿನಿಂದ ಅಂಗಳ ಕಾಣುತ್ತಿತ್ತು. ಅವ್ವ ಹೊರಸಿನ ಮೇಲೆ ಹೇಗಿಟ್ಟರೆ ಹಾಗೆ ಬಿದ್ದಿದ್ದಳು. ಆಯಿ ಕೂಸಿನ ಬೆನ್ನು ತಿಕ್ಕುತ್ತಿದ್ದಳು. ಓಣಿಯ ಹೆಂಗಸರೆಲ್ಲ ಸುತ್ತ ನೆರೆದಿದ್ದರು. ನನಗೆ ಕೆಳಗೆ ಇಳಿಯಲು ಆಗಲಿಲ್ಲ. ಇಳಿದರೆ ಯಾರಾದರೂ ಆ ಮಾತು ಹೇಳಿಬಿಡುತ್ತಾರೆ, ಮೇಲೆಯೇ ನಿಂತರೆ ಅದು ಇನ್ನೂ ಆಗಿಲ್ಲದಂತೆ ಎಂದು ನನ್ನ ಕಾಲುಗಳು ತಿಳಿದಿದ್ದವು. ದಪ್ಪ ಹನಿಗಳು ಬೀಳತೊಡಗಿದವು. ಹನಿ ಬಿದ್ದು ಕೂಸಿನ ಕೈಯೊಂದು ಮುದುಡಿತು. ಆಮೇಲೆ ಬೆಕ್ಕಿನ ಮರಿಯಂಥ ಒಂದು ಕೀರಲು ದನಿ ಬಂತು. ಅದು ಅಳುವೆಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಎಷ್ಟೋ ಹೊತ್ತಿನ ಮೇಲೆ ಅವ್ವ ವಾಂತಿ ಮಾಡಿಕೊಂಡು, ಕಣ್ಣು ತೆರೆದು, “ಮಳಿ ಬಂತೇನು?” ಎಂದಳು.

ಹುಲಿಗೆಮ್ಮ ಅಂಗಳದಲ್ಲಿ ತಲೆಗೆ ಕೈಹೊತ್ತು ಕುಳಿತಳು. “ನಾನಽ ಮುಚ್ಚೀನೆವ್ವಾ. ಎಲ್ಲಾರ ಕಿಂಡಿ ಮುಚ್ಚಿ ಬಂದೆ, ಇದೊಂದು ಬಾಯಿ ತಕ್ಕೊಂಡು ನಿಂತಿತ್ತು, ಹೊಗಿನೂ ಕಾಣಲಿಲ್ಲ. ಬಾಣಂತಿ ಕೋಣಿ, ನೀರು ಬಿದ್ರ ಥಂಡಿ ಆಕ್ಕೈತಿ ಅಂದೆ. ನಾ ಹಾಳಾಗಿ ಹೋಗ್ಲಿ!” ಆಯಿ ಅವಳನ್ನು ಶಪಿಸುತ್ತಾಳೆಂದು ನಾನು ಕಾದೆ. ಆಯಿ ಅವಳ ಪಕ್ಕದಲ್ಲಿಯೇ ಕುಕ್ಕರಿಸಿದಳು. “ಸುಮ್ನಿರು. ಮ್ಯಾಲ ನಾ ಇದ್ರ ನಾನೂ ಮುಚ್ಚತಿದ್ದೆ.” ಮುಂದೆ ಹಳ್ಳಿಹಳ್ಳಿ ತಿರುಗಿ ಹೆಂಗಸರಿಗೆ ಒಲೆಯ ವಿಷಯ ಹೇಳುವ ಕೆಲಸವನ್ನು ನಾನು ಮೈಮೇಲೆ ಹಾಕಿಕೊಂಡೆ. ಎಲ್ಲಿ ಹೋದರೂ ಕೊಳವೆಯ ಮಾತೆತ್ತುವ ಮೊದಲು, ಮಳೆ ಬಂದಾಗ ನಿಮ್ಮ ಮಾಳಿಗೆಯ ಮೇಲೆ ಯಾರ್ಯಾರು ಓಡಾಡುತ್ತಾರೆಂದು ಕೇಳುತ್ತಿದ್ದೆ. ಒಳ್ಳೆಯ ಮನಸ್ಸಿನ ನೆರೆಯವರನ್ನು ಲೆಕ್ಕಕ್ಕೆ ಹಿಡಿಯದ ಸುಧಾರಣೆ ಅರ್ಧ ಕಟ್ಟಿದ ಸುಧಾರಣೆ ಎಂದು ನಾನು ನಂಬಿದ್ದೇನೆ.

ಅಪ್ಪ ಬಂದವನು ಎಲ್ಲವನ್ನೂ ಕೇಳಿ, ಊಟ ಮಾಡದೆ ಮಲಗಿದ. ಬೆಳಗಾದೊಡನೆ ಹಾರೆ ಹಿಡಿದು ಅಡಿಗೆಯ ಕೋಣೆಗೆ ಹೋದ. ಆಯಿ ತಡೆಯಲಿಲ್ಲ. ತಡೆದವಳು ಅವ್ವ. ಅತ್ತೆಯ ಎದುರಿಗೆ ಗಂಡನೊಡನೆ ಎಂದೂ ಮಾತಾಡದಿದ್ದವಳು, ತಲೆನೋವಿನಿಂದ ಇನ್ನೂ ಕಣ್ಣು ಪೂರ್ತಿ ಬಿಡಲಾಗದವಳು, ಗೋಡೆ ಹಿಡಿದು ಎದ್ದು ನಿಂತಳು.

“ಒಡೀಬ್ಯಾಡ್ರಿ. ಹೊಗಿ ಕುಡಕೋಂತ ಒಂದು ಕೂಸು ಹೋತು. ಗೂಡು ಮುಚ್ಚಿದ್ದಕ್ಕ ಇನ್ನೊಂದು ಹೋಗತಿತ್ತು. ಗೂಡು ತೆರೆದಿದ್ದಷ್ಟು ದಿನ ನಾವು ಇಬ್ಬರೂ ಚಲೋ ಇದ್ವಿ. ಈಗ ನೀವಽ ಹೇಳ್ರಿ, ಒಡೀಬೇಕಾದ್ದು ಯಾವುದು?”

ಅಪ್ಪ ಹಾರೆಯನ್ನು ಗೋಡೆಗೆ ಒರಗಿಸಿದ. ಅಂದೇ ನಾಲ್ಕು ಗಿಡ್ಡ ಕಲ್ಲುಗಳ ಮೇಲೆ ಒಂದು ಚಪ್ಪಡಿ ಕೂರಿಸಿ ಹೊಗೆಗೂಡಿಗೆ ಟೋಪಿ ಮಾಡಿದ. ಮಳೆ ಒಳಗೆ ಬೀಳದು, ಗಡಿಗೆ ಮೇಲೆ ಕೂರದು. ಬೆಳಕಿಂಡಿಯ ಬಂಡೆಯನ್ನು ಆಯಿಯೇ ಕೋಲಿನಿಂದ ಒಂದು ಗೇಣು ಸರಿಸಿದಳು. ಓಣಿಯ ಮನೆಮನೆಗೂ ಹೋಗಿ, ಗೂಡಿನ ಬಾಯಿ ಮುಚ್ಚಬಾರದೆಂದು ತಾಕೀತು ಮಾಡಿ ಬಂದವಳೂ ಅವಳೇ.

ಇಷ್ಟಾದರೂ ಆ ಕೋಣೆಯಲ್ಲಿ ಮತ್ತೆ ಒಲೆ ಹೊತ್ತಿದಾಗ ನಮ್ಮಲ್ಲಿ ಯಾರಿಗೂ ಭಯ ಹೋಗಿರಲಿಲ್ಲ. ಮತ್ತೊಂದು ಮಧ್ಯಾಹ್ನ ಮುಗಿಲು ಕಪ್ಪಾಯಿತು. ಆಯಿ ಯಾರಿಗೂ ಹೇಳದೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಿಚ್ಚಣಿಕೆ ಹತ್ತಿದಳು. ಮಳೆ ಬಿರುಸಾಯಿತು. ಕೆಳಗೆ ಅವ್ವ ಮಲಗಿದ್ದಳು. ನಾನು ಕೂಸಿನ ಎದೆಯ ಮೇಲೆ ಅಂಗೈ ಇಟ್ಟು ಕೆಂಡವನ್ನೇ ನೋಡುತ್ತ ಕುಳಿತಿದ್ದೆ. ಆಗ ಕೊಳವೆಯೊಳಗಿನಿಂದ ಕೆಮ್ಮು ಕೇಳಿಸಿತು. ಅದರ ಹಿಂದೆಯೇ ದನಿ. ಆಯಿ ಸೊಸೆಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ನೀಲವ್ವಾ! ಉಸಿರಾಡಾಕತ್ತೀಯೇನವ್ವಾ?”

ಅವ್ವ ಮೊಣಕೈಯೂರಿ ಎದ್ದು, ಒಲೆಯ ಬಾಯಿಯ ಕಡೆಗೆ ಬಾಗಿದಳು.

“ಹೂನ್ರೀ ಅತ್ತಿ, ಆಡಾಕತ್ತೀನ್ರಿ.”

“ಕೂಸು?”

“ಕೂಸೂ ಆಡಾಕತ್ತೈತ್ರಿ. ನೀವು ತೊಯ್ಸಿಕೋಬ್ಯಾಡ್ರಿ, ಕೆಳಗ ಬರ್ರಿ.”

ಅವಳು ಬರಲಿಲ್ಲ. ಮಳೆ ನಿಲ್ಲುವವರೆಗೂ ಆ ಪ್ರಶ್ನೆ ಹೊಗೆಯ ದಾರಿಯಲ್ಲಿ ಮತ್ತೆ ಮತ್ತೆ ಕೆಳಗಿಳಿಯಿತು. ಅವ್ವ ಪ್ರತಿ ಸಲವೂ ಉತ್ತರ ಕೊಟ್ಟಳು.